ಹಿರಿಯ ಕ್ರೀಡಾಪಟುಗಳು ಮತ್ತು ವೃದ್ಧಾಪ್ಯದ ಕುರಿತ ಪೂರ್ವಗ್ರಹಗಳು

ಹಿರಿಯ ಕ್ರೀಡಾಪಟುಗಳು ಎಂದರೆ, ಸ್ಪರ್ಧಾತ್ಮಕ ಕ್ರೀಡೆಯಿಂದ ಸಾಮಾನ್ಯವಾಗಿ ನಿವೃತ್ತಿ ಹೊಂದುವ ವಯಸ್ಸನ್ನು ದಾಟಿದ ಮೇಲೂ ಕ್ರಮಬದ್ಧ ಅಭ್ಯಾಸವನ್ನು ಮುಂದುವರಿಸಿ ಸ್ಪರ್ಧೆಗಳಲ್ಲಿ ಭಾಗವಹಿಸುವವರು. ಯೌವನದಿಂದಲೂ ಆಟವನ್ನು ಬಿಡದೆ ಬಂದವರು, ನಡುವೆ ಬಿಟ್ಟು ಮತ್ತೆ ಮರಳಿದವರು, ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಮೈದಾನಕ್ಕೆ ಇಳಿದವರು ಹೀಗೆ ಇವರಲ್ಲಿ ಮೂರು ಬಗೆಯವರಿದ್ದಾರೆ. ವೃದ್ಧಾಪ್ಯವೆಂದರೆ ದೌರ್ಬಲ್ಯ, ಪರಾವಲಂಬನೆ ಮತ್ತು ನಿಷ್ಕ್ರಿಯತೆ ಮಾತ್ರ ಎಂಬ ವ್ಯಾಪಕ ನಂಬಿಕೆಯನ್ನು ಇವರ ಸಾಧನೆಗಳು ಪ್ರಶ್ನೆಗೆ ಒಡ್ಡಿವೆ. ಆದುದರಿಂದ ಕ್ರೀಡಾ ಕ್ಷೇತ್ರದಲ್ಲಿ ಮಾತ್ರವಲ್ಲದೆ ಶರೀರಕ್ರಿಯಾಶಾಸ್ತ್ರ, ಮನೋವಿಜ್ಞಾನ ಮತ್ತು ಸಮಾಜಶಾಸ್ತ್ರಗಳಲ್ಲಿಯೂ ಇವರು ಅಧ್ಯಯನದ ವಿಷಯವಾಗಿದ್ದಾರೆ.

ವೃದ್ಧಾಪ್ಯದ ಬಗೆಗಿನ ಪ್ರಚಲಿತ ಕಲ್ಪನೆಗಳು

ಮುಪ್ಪಿನ ಕುರಿತ ನಕಾರಾತ್ಮಕ ಭಾವನೆಗಳು ಬಹುತೇಕ ಎಲ್ಲ ಸಮಾಜಗಳಲ್ಲಿಯೂ ಕಂಡುಬರುತ್ತವೆ. ಕನ್ನಡದಲ್ಲಿ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ವಯಸ್ಸಾದವರ ಬುದ್ಧಿಯನ್ನು ಕುರಿತದ್ದು. ‘ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ’ ಎಂಬುದು ಅವರ ಆಯುಷ್ಯವನ್ನು ಕುರಿತದ್ದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ತಡವಾಗಿ ಕಲಿಯಲು ಸಾಧ್ಯವಿಲ್ಲ ಎಂಬ ಅಭಿಪ್ರಾಯವನ್ನು ಹೇಳುತ್ತದೆ. ಹಿರಿಯರಿಗೆ ಗೌರವ ಸಲ್ಲಿಸುವ ಸಂಸ್ಕೃತಿಯಲ್ಲಿಯೇ ಇಂತಹ ಮಾತುಗಳೂ ಬಳಕೆಯಲ್ಲಿವೆ. ಗೌರವದ ಹೆಸರಿನಲ್ಲಿ ಹಿರಿಯರನ್ನು ಎಲ್ಲ ಕೆಲಸಗಳಿಂದ ಬಿಡಿಸಿ ಕೂರಿಸುವುದೂ ಅವರ ಶಕ್ತಿಯನ್ನು ಕುಂದಿಸುವ ಒಂದು ದಾರಿಯೇ ಆಗಬಹುದು.

ವಯಸ್ಸಿನ ಆಧಾರದ ಮೇಲೆ ವ್ಯಕ್ತಿಯನ್ನು ಕೀಳಾಗಿ ಕಾಣುವ ಪ್ರವೃತ್ತಿಗೆ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ‘ಏಜಿಸಂ’ ಎಂಬ ಹೆಸರನ್ನು ಕೊಟ್ಟರು. ಇದನ್ನು ಕನ್ನಡದಲ್ಲಿ ವಯೋತಾರತಮ್ಯ ಎನ್ನಬಹುದು. ಜನಾಂಗ ಭೇದ ಮತ್ತು ಲಿಂಗ ತಾರತಮ್ಯಗಳಿಗಿಂತ ಇದು ಒಂದು ವಿಷಯದಲ್ಲಿ ಭಿನ್ನವಾಗಿದೆ. ಇಂದು ಈ ಪೂರ್ವಗ್ರಹವನ್ನು ಹೊಂದಿರುವ ವ್ಯಕ್ತಿ, ದೀರ್ಘಾಯುಷ್ಯವಿದ್ದರೆ, ನಾಳೆ ತಾನೇ ಅದಕ್ಕೆ ಗುರಿಯಾಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, ಜಗತ್ತಿನಲ್ಲಿ ಪ್ರತಿ ಇಬ್ಬರಲ್ಲಿ ಒಬ್ಬರು ಹಿರಿಯರ ವಿಷಯದಲ್ಲಿ ಇಂತಹ ಮನೋಭಾವ ಹೊಂದಿದ್ದಾರೆ.

ಈ ಭಾವನೆಗಳು ವೃದ್ಧರ ಆರೋಗ್ಯದೊಂದಿಗೂ ಸಂಬಂಧ ಹೊಂದಿರುವುದನ್ನು ಸಂಶೋಧನೆಗಳು ತೋರಿಸಿವೆ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ಒಹಾಯೊ ರಾಜ್ಯದ 50 ವರ್ಷ ಮೀರಿದ 660 ಜನರ ಮಾಹಿತಿಯನ್ನು ಆಧರಿಸಿತ್ತು. ತಮ್ಮ ವಯಸ್ಸಾಗುವಿಕೆಯ ಬಗ್ಗೆ ಒಳ್ಳೆಯ ಭಾವನೆಯಿದ್ದವರು, ಅದಿಲ್ಲದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು. ‘ಇನ್ನು ನನ್ನಿಂದಾಗದು’ ಎಂದು ನಂಬಿದವರು ನಡಿಗೆ, ವ್ಯಾಯಾಮ, ಚಿಕಿತ್ಸೆಗಳನ್ನು ಬೇಗ ಕೈಬಿಡುತ್ತಾರೆ ಎಂಬುದು ಇದಕ್ಕೆ ಕೊಡಲಾಗುವ ವಿವರಣೆಗಳಲ್ಲಿ ಒಂದು.

ಮಾಸ್ಟರ್ಸ್ ಕ್ರೀಡೆಯ ಬೆಳವಣಿಗೆ

ವಯಸ್ಸಾದವರಿಗಾಗಿಯೇ ನಡೆಸುವ ಸ್ಪರ್ಧೆಗಳನ್ನು ಮಾಸ್ಟರ್ಸ್ ಅಥವಾ ವೆಟರನ್ಸ್ ಕ್ರೀಡೆಗಳೆಂದು ಕರೆಯುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ವಕೀಲ ಡೇವಿಡ್ ಪೇನ್ 1960ರ ದಶಕದಲ್ಲಿ ನಡುವಯಸ್ಸಿನ ಓಟಗಾರರಿಗಾಗಿ ಸ್ಪರ್ಧೆಗಳನ್ನು ಏರ್ಪಡಿಸಿ ಈ ಚಳವಳಿಗೆ ಚಾಲನೆ ನೀಡಿದರು. 1975ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್ ಕೂಟ ನಡೆಯಿತು. 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಿಶ್ವ ವೆಟರನ್ ಅಥ್ಲೀಟುಗಳ ಸಂಘವು ಸ್ಥಾಪನೆಯಾಯಿತು. 2001ರಲ್ಲಿ ಅದು ‘ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್’ ಎಂಬ ಹೆಸರನ್ನು ಪಡೆಯಿತು. ಅನೇಕ ಕ್ರೀಡೆಗಳನ್ನು ಒಳಗೊಂಡ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟವು 1985ರಲ್ಲಿ ಟೊರಾಂಟೊದಲ್ಲಿಯೇ ಆರಂಭವಾಯಿತು.

ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ನೆಯ ವಯಸ್ಸಿನಿಂದ ಮೇಲಕ್ಕೆ ಐದೈದು ವರ್ಷಗಳ ಗುಂಪುಗಳನ್ನು ಮಾಡಲಾಗಿದೆ. ಅರವತ್ತೆರಡರ ಓಟಗಾರ್ತಿಯು ಅರವತ್ತರಿಂದ ಅರವತ್ತನಾಲ್ಕರ ಗುಂಪಿನವರೊಡನೆ ಸ್ಪರ್ಧಿಸುತ್ತಾಳೆ. ವಯಸ್ಸು ಏರಿದಂತೆ ಗುಂಡು, ಚಕ್ರ, ಭರ್ಜಿಗಳ ತೂಕವನ್ನೂ ಹರ್ಡಲ್ಸ್‌ನ ಎತ್ತರವನ್ನೂ ಕಡಿಮೆ ಮಾಡಲಾಗುತ್ತದೆ. ಬೇರೆ ಬೇರೆ ವಯಸ್ಸಿನವರ ಸಾಧನೆಗಳನ್ನು ಹೋಲಿಸಿ ನೋಡಲು ‘ಏಜ್ ಗ್ರೇಡಿಂಗ್’ ಎಂಬ ಕೋಷ್ಟಕಗಳ ಪದ್ಧತಿಯಿದೆ. ಇದರಲ್ಲಿ ಸ್ಪರ್ಧಿಯ ಸಾಧನೆಯನ್ನು ಆ ವಯಸ್ಸಿಗೆ ನಿಗದಿಪಡಿಸಿದ ಉತ್ತಮ ಮಟ್ಟದೊಂದಿಗೆ ಹೋಲಿಸಿ ಶೇಕಡಾವಾರು ಅಂಕವಾಗಿ ಸೂಚಿಸುತ್ತಾರೆ. ಈ ವ್ಯವಸ್ಥೆಯಿಂದಾಗಿ ಒಂದು ವಿಶಿಷ್ಟ ಸನ್ನಿವೇಶ ಉಂಟಾಗಿದೆ. ಇತರ ಕ್ಷೇತ್ರಗಳಲ್ಲಿ ಜನರು ವಯಸ್ಸನ್ನು ಮರೆಮಾಚಲು ಯತ್ನಿಸಿದರೆ, ಮಾಸ್ಟರ್ಸ್ ಕ್ರೀಡಾಪಟುಗಳು ಮುಂದಿನ ಗುಂಪಿನಲ್ಲಿ ತಾವೇ ಕಿರಿಯರಾಗುವುದರಿಂದ ಮುಂದಿನ ಹುಟ್ಟುಹಬ್ಬವನ್ನು ಎದುರು ನೋಡುತ್ತಾರೆ.

ವಯಸ್ಸಿನ ಪಾಲು ಮತ್ತು ನಿಷ್ಕ್ರಿಯತೆಯ ಪಾಲು

ವಯಸ್ಸಾದಂತೆ ದೇಹದಲ್ಲಿ ಬದಲಾವಣೆಗಳಾಗುವುದು ನಿರ್ವಿವಾದ. ಹೃದಯದ ಗರಿಷ್ಠ ಬಡಿತ ಕಡಿಮೆಯಾಗುತ್ತದೆ, ಸ್ನಾಯುಗಳ ಗಾತ್ರ ಮತ್ತು ಬಲ ಕುಗ್ಗುತ್ತವೆ, ಎಲುಬಿನ ಸಾಂದ್ರತೆ ಇಳಿಯುತ್ತದೆ, ಗಾಯಗಳು ಮಾಯಲು ಹೆಚ್ಚು ಕಾಲ ಬೇಕಾಗುತ್ತದೆ. ಸ್ನಾಯುಕ್ಷಯದ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸಾರ್ಕೋಪೀನಿಯ ಎಂಬ ಹೆಸರಿದೆ. ದೇಹವು ದುಡಿಮೆಯ ಸಮಯದಲ್ಲಿ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣವು, ವ್ಯಾಯಾಮವಿಲ್ಲದವರಲ್ಲಿ, ಪ್ರತಿ ಹತ್ತು ವರ್ಷಗಳಿಗೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಈ ಇಳಿಕೆಯಲ್ಲಿ ವಯಸ್ಸಿನದೆಷ್ಟು, ಕುಳಿತೇ ಇರುವ ಜೀವನಕ್ರಮದ್ದೆಷ್ಟು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹಿರಿಯ ಕ್ರೀಡಾಪಟುಗಳು ನಿಷ್ಕ್ರಿಯತೆಯ ಪಾಲನ್ನು ಬಹುಮಟ್ಟಿಗೆ ಕಳೆದಿರುವುದರಿಂದ, ವಯಸ್ಸಿನ ನಿಜವಾದ ಪರಿಣಾಮವನ್ನು ಅಳೆಯಲು ಅವರು ನೆರವಾಗುತ್ತಾರೆ.

ಈ ವಿಷಯದಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಅಧ್ಯಯನವು ಪ್ರಸಿದ್ಧವಾಗಿದೆ. 1966ರಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಿ, ಅನಂತರ ತರಬೇತಿ ನೀಡಿ, ಅವರ ದೈಹಿಕ ಸಾಮರ್ಥ್ಯವನ್ನು ಅಳೆಯಲಾಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಮೂವತ್ತು ವರ್ಷಗಳ ವಯಸ್ಸಾಗುವಿಕೆಗಿಂತಲೂ ಯೌವನದಲ್ಲಿನ ಮೂರು ವಾರಗಳ ಹಾಸಿಗೆವಾಸವೇ ಅವರ ದುಡಿಮೆಯ ಸಾಮರ್ಥ್ಯವನ್ನು ಹೆಚ್ಚು ಕುಗ್ಗಿಸಿತ್ತೆಂಬುದು ತಿಳಿಯಿತು. ಐವತ್ತರ ವಯಸ್ಸಿನಲ್ಲಿ ಆರು ತಿಂಗಳ ತರಬೇತಿ ಪಡೆದ ಮೇಲೆ, ಇಪ್ಪತ್ತರಲ್ಲಿ ಪ್ರಯೋಗದ ಆರಂಭಕ್ಕೆ ಮೊದಲು ಅವರಿಗಿದ್ದ ಆಮ್ಲಜನಕ ಬಳಕೆಯ ಮಟ್ಟ ಮರಳಿ ಬಂದಿತು.

ಅತಿ ಇಳಿವಯಸ್ಸಿನಲ್ಲಿಯೂ ಸ್ನಾಯುಗಳು ಅಭ್ಯಾಸಕ್ಕೆ ಸ್ಪಂದಿಸುತ್ತವೆ. ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತುವ ತರಬೇತಿ ನೀಡಿದರು. 1990ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ, ತರಬೇತಿಯನ್ನು ಪೂರೈಸಿದವರ ಕಾಲಿನ ಸ್ನಾಯುಬಲವು ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಇವರು ಕ್ರೀಡಾಪಟುಗಳಲ್ಲ, ದುರ್ಬಲ ವೃದ್ಧರು ಎಂಬುದು ಗಮನಾರ್ಹ.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಮತ್ತು ಅವರ ಸಂಗಡಿಗರು 55ರಿಂದ 79 ವಯಸ್ಸಿನ 125 ಹವ್ಯಾಸಿ ಸೈಕಲ್ ಸವಾರರನ್ನು ಪರೀಕ್ಷಿಸಿದರು. ಪುರುಷರು 100 ಕಿ.ಮೀ. ದೂರವನ್ನು ಆರೂವರೆ ಗಂಟೆಯೊಳಗೆ, ಮಹಿಳೆಯರು 60 ಕಿ.ಮೀ. ದೂರವನ್ನು ಐದೂವರೆ ಗಂಟೆಯೊಳಗೆ ಕ್ರಮಿಸಬಲ್ಲವರಾಗಿರಬೇಕೆಂಬ ನಿಬಂಧನೆಯಿತ್ತು. ರೋಗನಿರೋಧಕ ಕಣಗಳನ್ನು ರೂಪಿಸುವ ಥೈಮಸ್ ಗ್ರಂಥಿಯು ವಯಸ್ಸಾದಂತೆ ಕುಗ್ಗುವುದು ಸಾಮಾನ್ಯವಾದರೂ, ಈ ಸವಾರರಲ್ಲಿ ಹೊಸ ಕಣಗಳ ಉತ್ಪತ್ತಿಯು ಯುವಜನರ ಮಟ್ಟಕ್ಕೆ ಸಮೀಪದಲ್ಲಿತ್ತೆಂದು 2018ರಲ್ಲಿ ಪ್ರಕಟವಾದ ಪ್ರಬಂಧವು ತಿಳಿಸುತ್ತದೆ.

ಪ್ರಮುಖ ಕ್ರೀಡಾಪಟುಗಳು

ಎಡ್ ವಿಟ್ಲಾಕ್ (1931–2017): ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಇಂಜಿನಿಯರ್. 2003ರಲ್ಲಿ, 72ನೆಯ ವಯಸ್ಸಿನಲ್ಲಿ, ಟೊರಾಂಟೊ ಮ್ಯಾರಥಾನನ್ನು 2 ಗಂಟೆ 59 ನಿಮಿಷ 10 ಸೆಕೆಂಡುಗಳಲ್ಲಿ ಓಡಿ, ಎಪ್ಪತ್ತು ದಾಟಿದ ಮೇಲೆ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಮೊದಲಿಗರಾದರು. ಮರುವರ್ಷ ಆ ಕಾಲವನ್ನು 2 ಗಂಟೆ 54 ನಿಮಿಷ 48 ಸೆಕೆಂಡಿಗೆ ಇಳಿಸಿದರು. 85ನೆಯ ವಯಸ್ಸಿನಲ್ಲಿಯೂ ನಾಲ್ಕು ಗಂಟೆಯೊಳಗೆ ಗುರಿ ಮುಟ್ಟಿದರು. ಮನೆಯ ಬಳಿಯ ಸ್ಮಶಾನದ ಹಾದಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಸುತ್ತುವುದೇ ಅವರ ಅಭ್ಯಾಸ ಕ್ರಮವಾಗಿತ್ತು. ಅವರಿಗೆ ತರಬೇತುದಾರರಾಗಲಿ ವಿಶೇಷ ಆಹಾರವಾಗಲಿ ಇರಲಿಲ್ಲ.

ಓಲ್ಗಾ ಕೊಟೆಲ್ಕೊ (1919–2014): ಕೆನಡಾದ ನಿವೃತ್ತ ಶಾಲಾ ಶಿಕ್ಷಕಿ. ಇವರು ಅಥ್ಲೆಟಿಕ್ಸ್‌ ಆರಂಭಿಸಿದ್ದು 77ನೆಯ ವಯಸ್ಸಿನಲ್ಲಿ. ಓಟ, ಜಿಗಿತ ಮತ್ತು ಎಸೆತಗಳಲ್ಲಿ ತಮ್ಮ ವಯೋಗುಂಪಿನ ಅನೇಕ ವಿಶ್ವದಾಖಲೆಗಳನ್ನು ಸ್ಥಾಪಿಸಿದರು. ಇವರ ಸ್ನಾಯು ಮತ್ತು ಮೆದುಳುಗಳನ್ನು ಕೆನಡಾ ಹಾಗೂ ಅಮೆರಿಕದ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಇವರ ಕುರಿತು ಬ್ರೂಸ್ ಗ್ರೀರ್ಸನ್ ಬರೆದ ಪುಸ್ತಕವು 2014ರಲ್ಲಿ ಪ್ರಕಟವಾಯಿತು.

ರಾಬರ್ಟ್ ಮಾರ್ಶಾಂ (1911–2021): ಫ್ರಾನ್ಸಿನ ಸೈಕಲ್ ಸವಾರ. ಬಹುಕಾಲ ಬಿಟ್ಟಿದ್ದ ಸೈಕಲ್ ಸವಾರಿಯನ್ನು ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ ಪುನಃ ಕೈಗೊಂಡರು. ನೂರನೆಯ ವಯಸ್ಸಿನಲ್ಲಿ ಒಂದು ಗಂಟೆಯಲ್ಲಿ 24 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿದ ಅವರು, ಎರಡು ವರ್ಷಗಳ ಬಳಿಕ, 2014ರಲ್ಲಿ, 26.927 ಕಿ.ಮೀ. ಕ್ರಮಿಸಿದರು. ಶರೀರಕ್ರಿಯಾಶಾಸ್ತ್ರಜ್ಞೆ ವೆರೋನಿಕ್ ಬಿಲಾ ಅವರ ಮಾರ್ಗದರ್ಶನದ ತರಬೇತಿಯ ಅವಧಿಯಲ್ಲಿ ಮಾರ್ಶಾಂ ಅವರ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯವು ಸುಮಾರು ಶೇ. 13ರಷ್ಟು ಹೆಚ್ಚಿತ್ತು. 2017ರಲ್ಲಿ, 105ನೆಯ ವಯಸ್ಸಿನಲ್ಲಿ, ಅವರು ಕ್ರಮಿಸಿದ ದೂರ 22.547 ಕಿ.ಮೀ. ಅಭ್ಯಾಸವು ಇಳಿಕೆಯನ್ನು ಮುಂದೂಡಬಲ್ಲದು, ಕೆಲಕಾಲ ಹಿಮ್ಮೆಟ್ಟಿಸಲೂ ಬಲ್ಲದು, ಆದರೆ ಇಲ್ಲವಾಗಿಸಲಾರದು ಎಂಬುದನ್ನು ಈ ಮೂರು ಅಂಕಿಗಳು ತೋರಿಸುತ್ತವೆ.

ಕ್ಯಾಥರೀನ್ ಸ್ವಿಟ್ಜರ್ (ಜನನ 1947): ಮಹಿಳೆಯರಿಗೆ ಪ್ರವೇಶವಿಲ್ಲವೆಂದು ಭಾವಿಸಲಾಗಿದ್ದ ಬೋಸ್ಟನ್ ಮ್ಯಾರಥಾನಿನಲ್ಲಿ 1967ರಲ್ಲಿ ಅಧಿಕೃತ ಸಂಖ್ಯೆಯೊಂದಿಗೆ ಓಡಿದವರು. ಅಧಿಕಾರಿಯೊಬ್ಬರು ಓಟದ ನಡುವೆಯೇ ಅವರನ್ನು ಹೊರಗೆಳೆಯಲು ಯತ್ನಿಸಿದ್ದರು. ಐವತ್ತು ವರ್ಷಗಳ ನಂತರ, 2017ರಲ್ಲಿ, 70ನೆಯ ವಯಸ್ಸಿನಲ್ಲಿ, ಅದೇ 261ನೆಯ ಸಂಖ್ಯೆಯನ್ನು ಧರಿಸಿ ಅದೇ ಓಟವನ್ನು ಪೂರ್ಣಗೊಳಿಸಿದರು.

ಯುಯಿಚಿರೊ ಮಿಯುರಾ (ಜನನ 1932): ಜಪಾನಿನ ಪರ್ವತಾರೋಹಿ ಮತ್ತು ಸ್ಕೀ ಪಟು. 2003, 2008 ಮತ್ತು 2013ರಲ್ಲಿ, ಅಂದರೆ 70, 75 ಮತ್ತು 80ನೆಯ ವಯಸ್ಸಿನಲ್ಲಿ, ಎವರೆಸ್ಟ್ ಶಿಖರವನ್ನು ಏರಿದರು.

ಭಾರತ ಮತ್ತು ಭಾರತೀಯ ಮೂಲದವರು

ಫೌಜಾ ಸಿಂಗ್ ಪಂಜಾಬಿನ ಜಲಂಧರ್ ಬಳಿಯ ಬಿಯಾಸ್ ಪಿಂಡ್ ಗ್ರಾಮದ ರೈತರು. ಪತ್ನಿ ಮತ್ತು ಮಗನನ್ನು ಕಳೆದುಕೊಂಡು ಇಂಗ್ಲೆಂಡಿನಲ್ಲಿ ನೆಲೆಸಿದ ಬಳಿಕ, ದುಃಖವನ್ನು ಮರೆಯಲು ಓಟವನ್ನು ಆಶ್ರಯಿಸಿದರು. 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಓಡಿದರು. 2003ರ ಟೊರಾಂಟೊ ಮ್ಯಾರಥಾನನ್ನು 5 ಗಂಟೆ 40 ನಿಮಿಷಗಳಲ್ಲಿ ಮುಗಿಸಿದರು. 2011ರಲ್ಲಿ ಅದೇ ನಗರದಲ್ಲಿ ಮ್ಯಾರಥಾನ್ ಪೂರೈಸಿದಾಗ ಅವರ ಪಾಸ್‌ಪೋರ್ಟಿನ ಪ್ರಕಾರ ಅವರಿಗೆ ನೂರು ವರ್ಷ. ಜನನ ಪ್ರಮಾಣಪತ್ರ ಇಲ್ಲದ ಕಾರಣ ಗಿನ್ನೆಸ್ ಸಂಸ್ಥೆಯು ಆ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಅವರು ಹುಟ್ಟಿದ ಕಾಲದಲ್ಲಿ ಗ್ರಾಮೀಣ ಭಾರತದಲ್ಲಿ ಇಂತಹ ಪತ್ರಗಳನ್ನು ನೀಡುವ ಪದ್ಧತಿ ವ್ಯಾಪಕವಾಗಿರಲಿಲ್ಲ. 2013ರಲ್ಲಿ ಸ್ಪರ್ಧೆಯಿಂದ ನಿವೃತ್ತರಾದ ಅವರು 2025ರ ಜುಲೈ 14ರಂದು ತಮ್ಮ ಊರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು ಮೃತಪಟ್ಟರು.

ಪಟಿಯಾಲ ಮೂಲದ ಮಾನ್ ಕೌರ್ (1916–2021) ಮಗನ ಪ್ರೋತ್ಸಾಹದಿಂದ 93ನೆಯ ವಯಸ್ಸಿನಲ್ಲಿ ಓಟ ಆರಂಭಿಸಿದರು. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 100 ಮೀಟರ್ ಓಟವನ್ನು 74 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನದ ಪದಕ ಪಡೆದರು. ನೂರು ದಾಟಿದವರ ಗುಂಪಿನಲ್ಲಿ ಅವರೊಬ್ಬರೇ ಸ್ಪರ್ಧಿಯಾಗಿದ್ದರು. ಭಾರತ ಸರ್ಕಾರವು ಅವರಿಗೆ ನಾರಿ ಶಕ್ತಿ ಪುರಸ್ಕಾರ ನೀಡಿತು. 2022ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ ಹರಿಯಾಣ ಮೂಲದ 94 ವರ್ಷದ ಭಗವಾನಿ ದೇವಿ ಡಾಗರ್ 100 ಮೀಟರ್ ಓಟದಲ್ಲಿ 24.74 ಸೆಕೆಂಡುಗಳೊಂದಿಗೆ ಚಿನ್ನ ಗೆದ್ದರು.

ಉತ್ತರ ಪ್ರದೇಶದ ಬಾಗ್ಪತ್ ಜಿಲ್ಲೆಯ ಜೋಹ್ರಿ ಗ್ರಾಮದ ಚಂದ್ರೊ ತೋಮರ್ ಮತ್ತು ಪ್ರಕಾಶಿ ತೋಮರ್ ಅರವತ್ತು ದಾಟಿದ ಮೇಲೆ ಗುರಿ ಹೊಡೆಯುವುದನ್ನು ಕಲಿತು ಅನೇಕ ಸ್ಪರ್ಧೆಗಳಲ್ಲಿ ಗೆದ್ದರು. ಸೆರಗು ಹೊದ್ದು ಮನೆಯೊಳಗೆ ಇರಬೇಕಾದವರೆಂಬ ಊರವರ ನಿರೀಕ್ಷೆಯನ್ನು ಎದುರಿಸಿದ ಇವರ ಜೀವನವು 2019ರಲ್ಲಿ ‘ಸಾಂಡ್ ಕಿ ಆಂಖ್’ ಎಂಬ ಹಿಂದಿ ಚಲನಚಿತ್ರವಾಯಿತು. ಕೇರಳದ ವಡಗರದಲ್ಲಿ ಕಳರಿಪಯಟ್ಟು ಕಲಿಸುವ ಮೀನಾಕ್ಷಿ ಅಮ್ಮ ಅವರಿಗೆ, ಎಪ್ಪತ್ತು ದಾಟಿದ ಮೇಲೆ, 2017ರಲ್ಲಿ ಪದ್ಮಶ್ರೀ ಲಭಿಸಿತು.

ಕರ್ನಾಟಕಕ್ಕೆ ಸಂಬಂಧಿಸಿದಂತೆ, ಕೊಡಗು ಮೂಲದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರು ವೃತ್ತಿಪರ ಕ್ರೀಡೆಯಲ್ಲಿ ವಯಸ್ಸಿನ ಮಿತಿಯನ್ನು ವಿಸ್ತರಿಸಿದವರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಅವರೊಂದಿಗೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. ಡಬಲ್ಸ್‌ನಲ್ಲಿ ಮೊದಲ ಬಾರಿಗೆ ವಿಶ್ವದ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರರೂ ಆದರು. ಸವೆದ ಮಂಡಿಗಳ ನೋವನ್ನು ನಿಭಾಯಿಸಲು ಅಯ್ಯಂಗಾರ್ ಯೋಗ ನೆರವಾಯಿತೆಂದು ಅವರು ಹೇಳಿದ್ದಾರೆ. ಆ ಯೋಗಪದ್ಧತಿಯನ್ನು ರೂಪಿಸಿದ ಬಿ. ಕೆ. ಎಸ್. ಅಯ್ಯಂಗಾರ್ (1918–2014) ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಬಾಲ್ಯದಲ್ಲಿ ರೋಗಪೀಡಿತರಾಗಿದ್ದ ಅವರು ತೊಂಬತ್ತು ದಾಟಿದ ಮೇಲೂ ದಿನನಿತ್ಯದ ಆಸನಾಭ್ಯಾಸವನ್ನು ಮುಂದುವರಿಸಿದ್ದರು.

ಪೂರ್ವಗ್ರಹಗಳನ್ನು ಪ್ರಶ್ನಿಸುವ ಬಗೆ

ಹಿರಿಯ ಕ್ರೀಡಾಪಟುಗಳು ಮುಖ್ಯವಾಗಿ ನಾಲ್ಕು ನಂಬಿಕೆಗಳನ್ನು ಅಲುಗಿಸುತ್ತಾರೆ. ಮೊದಲನೆಯದು, ಶಕ್ತಿಗುಂದುವುದೆಲ್ಲವೂ ವಯಸ್ಸಿನಿಂದಲೇ ಎಂಬುದು. ಮೇಲೆ ಹೇಳಿದ ಅಧ್ಯಯನಗಳು ಇದನ್ನು ಒಪ್ಪುವುದಿಲ್ಲ. ಎರಡನೆಯದು, ಹೊಸದನ್ನು ಕಲಿಯಲು ಕಾಲ ಮೀರಿದೆ ಎಂಬುದು. ಕೊಟೆಲ್ಕೊ, ಮಾನ್ ಕೌರ್ ಮತ್ತು ತೋಮರ್ ಅವರ ಆರಂಭದ ವಯಸ್ಸುಗಳೇ ಇದಕ್ಕೆ ಉತ್ತರ. ಮೂರನೆಯದು, ವಯಸ್ಸಾದವರು ಸ್ಪರ್ಧಿಸಬಾರದು, ಬರಿಯ ಕಾಲಕ್ಷೇಪಕ್ಕಾಗಿ ಆಡಬೇಕು ಎಂಬುದು. ಮಾಸ್ಟರ್ಸ್ ಕೂಟಗಳಲ್ಲಿ ಗೆಲ್ಲುವ ಹಂಬಲ, ಸೋಲಿನ ಬೇಸರ, ಸೆಕೆಂಡುಗಳ ಲೆಕ್ಕ ಎಲ್ಲವೂ ಕಿರಿಯರ ಕೂಟಗಳಂತೆಯೇ ಇರುತ್ತವೆ. ನಾಲ್ಕನೆಯದು, ಮಹಿಳೆಗೆ ವಯಸ್ಸಾದ ಮೇಲೆ ಸಾರ್ವಜನಿಕ ಸ್ಥಳದಲ್ಲಿ ಮೈ ಬಳಲಿಸಿ ಆಡುವುದು ಶೋಭಿಸದು ಎಂಬುದು. ವಯಸ್ಸು ಮತ್ತು ಲಿಂಗದ ಎರಡು ಕಟ್ಟುಪಾಡುಗಳು ಇಲ್ಲಿ ಸೇರುವುದರಿಂದ, ಹಿರಿಯ ಓಟಗಾರ್ತಿಯು ಎದುರಿಸಬೇಕಾದ ವಿರೋಧವೂ ಹೆಚ್ಚಿನದಾಗಿರುತ್ತದೆ.

ಟೀಕೆ ಮತ್ತು ಮಿತಿಗಳು

ಹಿರಿಯ ಕ್ರೀಡಾಪಟುಗಳ ಕುರಿತ ಪ್ರಶಂಸೆಯೂ ಟೀಕೆಗೆ ಒಳಗಾಗಿದೆ. ಆಸ್ಟ್ರೇಲಿಯದ ಸಂಶೋಧಕಿ ರೈಲೀ ಡಿಯೊನಿಜಿ ಮಾಸ್ಟರ್ಸ್ ಕೂಟಗಳ ಸ್ಪರ್ಧಿಗಳನ್ನು ಸಂದರ್ಶಿಸಿ, 2008ರಲ್ಲಿ ಈ ವಿಷಯದ ಕುರಿತು ಪುಸ್ತಕ ಪ್ರಕಟಿಸಿದರು. ಅವರ ವಿಶ್ಲೇಷಣೆಯಂತೆ ಈ ಸ್ಪರ್ಧಿಗಳು ಮುಪ್ಪಿನ ಕುರಿತ ಕಲ್ಪನೆಗಳನ್ನು ಪ್ರತಿರೋಧಿಸುವುದರ ಜೊತೆಗೆ ಅವನ್ನು ಬಲಪಡಿಸುವುದೂ ಉಂಟು. ‘ನಾನು ಮುದುಕನಲ್ಲ’ ಎಂಬ ಹೆಮ್ಮೆಯ ಮಾತಿನಲ್ಲಿ, ಮುದುಕನಾಗುವುದು ಅವಮಾನಕರ ಎಂಬ ಒಪ್ಪಿಗೆಯೂ ಅಡಗಿರುತ್ತದೆ.

1987ರಲ್ಲಿ ಜಾನ್ ರೋ ಮತ್ತು ರಾಬರ್ಟ್ ಕಾನ್ ಅವರು ಪ್ರಚುರಪಡಿಸಿದ ‘ಯಶಸ್ವಿ ವೃದ್ಧಾಪ್ಯ’ ಎಂಬ ಪರಿಕಲ್ಪನೆಯ ಬಗ್ಗೆಯೂ ಇಂತಹದೇ ಆಕ್ಷೇಪವಿದೆ. ಯಶಸ್ವಿ ವೃದ್ಧಾಪ್ಯವಿದ್ದರೆ ವಿಫಲ ವೃದ್ಧಾಪ್ಯವೂ ಇರಬೇಕಾಗುತ್ತದೆ. ಪಾರ್ಶ್ವವಾಯು, ಸಂಧಿವಾತ, ಮರೆಗುಳಿತನಗಳಿಂದ ಬಳಲುವವರನ್ನು ಸೋತವರೆಂದೋ ಸೋಮಾರಿಗಳೆಂದೋ ಎಣಿಸುವ ಅಪಾಯ ಇದರಲ್ಲಿದೆ. ಜೀವಮಾನವಿಡೀ ಹೊಲದಲ್ಲಿ ಬಾಗಿ ದುಡಿದು ಬೆನ್ನು ಸವೆಸಿಕೊಂಡ ಕೂಲಿಕಾರ್ಮಿಕರಿಗೆ ವ್ಯಾಯಾಮದ ಕೊರತೆಯಿತ್ತೆಂದು ಹೇಳಲಾಗದು. ಅವರಿಗೆ ಇಲ್ಲದಿದ್ದದ್ದು ಪೌಷ್ಟಿಕ ಆಹಾರ, ವಿಶ್ರಾಂತಿ ಮತ್ತು ಚಿಕಿತ್ಸೆ. ವಿದೇಶದ ಕೂಟಗಳಿಗೆ ಹೋಗಲು ಬೇಕಾದ ಹಣ ಮತ್ತು ಬಿಡುವು ಎಲ್ಲರಿಗೂ ದೊರೆಯುವಂಥವಲ್ಲ.

ವೈಜ್ಞಾನಿಕವಾಗಿಯೂ ಎಚ್ಚರಿಕೆ ಅಗತ್ಯ. ಎಂಬತ್ತರಲ್ಲಿ ಓಡುವವರು ಮೊದಲಿನಿಂದಲೂ ಉತ್ತಮ ಆರೋಗ್ಯ ಮತ್ತು ಅನುಕೂಲಕರ ಆನುವಂಶಿಕತೆ ಹೊಂದಿದ್ದವರಾಗಿರಬಹುದು. ಓಟದಿಂದ ಆರೋಗ್ಯವೋ ಆರೋಗ್ಯದಿಂದ ಓಟವೋ ಎಂಬುದನ್ನು ಕೆಲವೇ ವ್ಯಕ್ತಿಗಳ ಉದಾಹರಣೆಯಿಂದ ನಿರ್ಧರಿಸಲಾಗದು. ಹಲವು ದಶಕಗಳ ಕಾಲ ಅತಿಯಾದ ಸಹಿಷ್ಣುತೆಯ ತರಬೇತಿ ಮಾಡಿದವರಲ್ಲಿ ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಹೆಚ್ಚಾಗಿ ಕಂಡುಬಂದಿದೆ.

ಸಾಮಾನ್ಯ ಹಿರಿಯರಿಗೆ ಅನ್ವಯ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 65 ವರ್ಷ ಮೀರಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯನ್ನು ಸೂಚಿಸುತ್ತದೆ. ಇದರೊಂದಿಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲ ವೃದ್ಧಿಸುವ ವ್ಯಾಯಾಮ ಮತ್ತು, ಬೀಳುವುದನ್ನು ತಡೆಯಲು, ಮೂರು ದಿನ ದೇಹದ ಸಮತೋಲನಕ್ಕೆ ಒತ್ತು ಕೊಡುವ ಚಟುವಟಿಕೆ ಇರಬೇಕೆನ್ನುತ್ತದೆ. ಅಷ್ಟು ಮಾಡಲಾಗದವರು ತಮ್ಮ ಶಕ್ತಿಗೆ ತಕ್ಕಷ್ಟು ಮಾಡಿದರೂ ಪ್ರಯೋಜನವಿದೆ. ಬಹುಕಾಲದ ಬಿಡುವಿನ ನಂತರ ಕಠಿಣ ಅಭ್ಯಾಸ ಆರಂಭಿಸುವವರು ಮೊದಲು ವೈದ್ಯರ ಸಲಹೆ ಪಡೆಯುವುದು ಉಚಿತ.

ವಿಶ್ವಸಂಸ್ಥೆಯು 2021ರಿಂದ 2030ರವರೆಗಿನ ಅವಧಿಯನ್ನು ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಹತ್ತು ಕೋಟಿಯನ್ನು ದಾಟಿತ್ತು. ಇವರಲ್ಲಿ ಬಹುಪಾಲು ಜನರು ಮ್ಯಾರಥಾನ್ ಓಡುವವರಲ್ಲ, ಓಡಬೇಕಾದ ಅಗತ್ಯವೂ ಇಲ್ಲ. ಒಡೆಯದ ಕಾಲುದಾರಿ, ಸುರಕ್ಷಿತವಾಗಿ ರಸ್ತೆ ದಾಟುವ ವ್ಯವಸ್ಥೆ, ಸಂಜೆ ಬೆಳಕಿರುವ ಉದ್ಯಾನ, ಕೂರಲು ಬೆಂಚು, ಬಳಸಲು ಶೌಚಾಲಯ ಇವು ಇದ್ದರೆ ಹಿರಿಯರು ಮನೆಯಿಂದ ಹೊರಗೆ ಬಂದು ನಡೆಯಬಲ್ಲರು. ಹಿರಿಯ ಕ್ರೀಡಾಪಟುಗಳ ದಾಖಲೆಗಳು ಮಾನವ ದೇಹದ ಸಾಧ್ಯತೆಯ ಗಡಿಯನ್ನು ತೋರಿಸುತ್ತವೆ. ಆ ಸಾಧ್ಯತೆಯ ಸ್ವಲ್ಪ ಭಾಗವಾದರೂ ಸಾಮಾನ್ಯರಿಗೆ ದಕ್ಕುವುದು ಇಂತಹ ಸೌಲಭ್ಯಗಳನ್ನು ಮತ್ತು ಮನೆಯವರ ಮನೋಭಾವವನ್ನು ಅವಲಂಬಿಸಿದೆ.